ಕೂಳೆ ಕೊಳೆಸುವ ಕೈಗಳು

ಬೆಳೆ ಕೊಯ್ದ ಮೇಲೆ ಹೊಲದಲ್ಲಿ ಏನು ಉಳಿಯುತ್ತದೆ ಎಂಬುದು ಯಾದಗಿರಿ ಜಿಲ್ಲೆಯೊಳಗೇ ಊರಿಂದೂರಿಗೆ ಬದಲಾಗುತ್ತದೆ. ಮುದನಾಳದಂಥ ಊರುಗಳ ಮಳೆಯಾಶ್ರಿತ ಸೀಮೆಯಲ್ಲಿ ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ, ಜೋಳದ ಕೂಳೆ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಮುಟ್ಟುವ ಶಹಾಪುರ, ಸುರಪುರದ ಗದ್ದೆಗಳಲ್ಲಿ ಕಂಬೈನ್ ಯಂತ್ರ ಚೆಲ್ಲಿ ಹೋದ ಭತ್ತದ ಹುಲ್ಲು. ನೋಡಲು ಬೇರೆ ಬೇರೆಯಾದರೂ ಇವೆಲ್ಲದರ ಮೈಕಟ್ಟು ಒಂದೇ ವಸ್ತುವಿನದು: ಸೆಲ್ಯುಲೋಸ್. ಒಣಗಿದ ಹುಲ್ಲಿನ ತೂಕದಲ್ಲಿ ಮೂರನೆಯ ಒಂದು ಪಾಲಿಗೂ ಮಿಕ್ಕಿ ಇರುವುದು ಅದೇ. ಹತ್ತಿಯ ಎಳೆಯಲ್ಲಂತೂ ನೂರಕ್ಕೆ ತೊಂಬತ್ತರಷ್ಟು. ಈ ವಸ್ತು ಮಣ್ಣಿಗೆ ಮರಳಬೇಕಾದರೆ ಅದನ್ನು ಯಾರೋ ಮುರಿಯಬೇಕು. ಆ ಯಾರೋ ಶಿಲೀಂಧ್ರವೇ, ಬ್ಯಾಕ್ಟೀರಿಯಾವೇ ಎಂಬ ಪ್ರಶ್ನೆಗೆ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ. ಪ್ರಶ್ನೆಯನ್ನು ಹೀಗೆ ಕೇಳುವುದರಲ್ಲೇ ಒಂದು ತಪ್ಪಿದೆ ಎಂಬುದು ಈ ಲೇಖನದ ವಾದ. ಕೆಲಸ ಯಾರ ಕೈಗೆ ಹೋಗುತ್ತದೆ ಎಂಬುದನ್ನು ತೀರ್ಮಾನಿಸುವುದು ಜೀವಿಯ ಜಾತಿಯಲ್ಲ. ಮಣ್ಣಿನ ಹಸಿ, ಗಾಳಿ, ಸಾರಜನಕ ಮತ್ತು ಜೇಡಿ. ಇದು ಬರಿಯ ಪಂಡಿತರ ಜಗಳವೂ ಅಲ್ಲ. ಕೂಳೆಗೆ ಬೆಂಕಿ ಹಚ್ಚಬೇಕೋ, ಬಾಟಲಿಯ ಕಲ್ಚರ್ ತಂದು ಸಿಂಪಡಿಸಬೇಕೋ, ಹರಗಿ ಮಣ್ಣಿಗೆ ಸೇರಿಸಬೇಕೋ ಎಂಬ ನಿರ್ಧಾರ ಇದರ ಮೇಲೆಯೇ ನಿಂತಿದೆ.

ಫ್ರಾನ್ಸಿನ ಆನ್ಸೆಲ್ಮ್ ಪಾಯೆನ್ 1838ರಲ್ಲಿ ಗಿಡದ ಗೋಡೆಯಿಂದ ಈ ವಸ್ತುವನ್ನು ಬೇರ್ಪಡಿಸಿ ತೋರಿಸಿದ. ಅದು ಗ್ಲೂಕೋಸ್ ಸಕ್ಕರೆಯದೇ ಸರ. ಹಿಟ್ಟಿನಲ್ಲಿರುವ ಪಿಷ್ಟವೂ ಗ್ಲೂಕೋಸ್ ಸರವೇ. ಆದರೆ ಅಲ್ಲಿ ಮಣಿಗಳನ್ನು ಪೋಣಿಸಿದ ರೀತಿ ಬೇರೆ, ಆದ್ದರಿಂದ ನಮ್ಮ ಹೊಟ್ಟೆ ಅದನ್ನು ಅರಗಿಸುತ್ತದೆ. ಸೆಲ್ಯುಲೋಸಿನ ಸರಗಳು ನೆಟ್ಟಗೆ ನಿಂತು, ಒಂದರ ಮಗ್ಗುಲಿಗೆ ಒಂದು ಅಂಟಿ, ಹರಳಿನಂತೆ ಬಿಗಿಯುತ್ತವೆ. ನೀರೇ ಒಳಗೆ ನುಗ್ಗಲಾರದಷ್ಟು ಬಿಗಿ. ಇದನ್ನು ಕರಗಿಸಲು ಕನಿಷ್ಠ ಮೂರು ಬಗೆಯ ಕಿಣ್ವಗಳು ಒಟ್ಟಾಗಿ ದುಡಿಯಬೇಕು: ಸರವನ್ನು ನಡುವೆ ಕತ್ತರಿಸುವುದೊಂದು, ತುದಿಯಿಂದ ಎರಡೆರಡು ಮಣಿಗಳನ್ನು ಬಿಡಿಸುವುದೊಂದು, ಆ ಜೋಡಿಯನ್ನು ಒಡೆದು ಒಂಟಿ ಗ್ಲೂಕೋಸ್ ಮಾಡುವುದೊಂದು. ಹರಳಿನ ಮೇಲ್ಮೈಯನ್ನೇ ಆಮ್ಲಜನಕದ ಬಲದಿಂದ ಸೀಳುವ ಇನ್ನೊಂದು ಗುಂಪಿನ ಕಿಣ್ವಗಳ ಕೆಲಸ ಬೆಳಕಿಗೆ ಬಂದದ್ದು 2010ರಲ್ಲಿ. ಅಷ್ಟು ತಡವಾಗಿ ತಿಳಿದದ್ದರಿಂದ ಹಳೆಯ ಪಠ್ಯಗಳ ಅನೇಕ ಲೆಕ್ಕಗಳನ್ನು ಮತ್ತೆ ಹಾಕಬೇಕಾಯಿತು.

ಶಿಲೀಂಧ್ರದ ಪರ ವಕಾಲತ್ತಿಗೆ ಹತ್ತಿಯೇ ಸಾಕ್ಷಿ. ಎರಡನೆಯ ಮಹಾಯುದ್ಧದಲ್ಲಿ ಪೆಸಿಫಿಕ್ ದ್ವೀಪಗಳಿಗೆ ಹೋದ ಅಮೆರಿಕದ ಸೈನ್ಯದ ಹತ್ತಿಬಟ್ಟೆಯ ಡೇರೆ, ಪಟ್ಟಿ, ಉಡುಪುಗಳು ನೋಡನೋಡುತ್ತಿದ್ದಂತೆ ಕೊಳೆತು ಹರಿದವು. ಸೊಲೊಮನ್ ದ್ವೀಪಗಳಲ್ಲಿ ಹಾಗೆ ಕೊಳೆತ ಬಟ್ಟೆಯಿಂದ ಸಿಕ್ಕಿದ ಒಂದು ಟ್ರೈಕೊಡರ್ಮಾ ಶಿಲೀಂಧ್ರ ಮುಂದೆ ಎಲ್ವಿನ್ ರೀಸ್ ಅವರ ಹೆಸರನ್ನು ಹೊತ್ತು ಟ್ರೈಕೊಡರ್ಮಾ ರೀಸೈ ಆಯಿತು. ರೀಸ್ ಮತ್ತು ಮೇರಿ ಮ್ಯಾಂಡೆಲ್ಸ್ ದಶಕಗಳ ಕಾಲ ಅದರ ಕಿಣ್ವಗಳನ್ನು ಅಭ್ಯಾಸ ಮಾಡಿದರು. ಇಂದು ಕೈಗಾರಿಕೆಯಲ್ಲಿ ಬಳಸುವ ಸೆಲ್ಯುಲೇಸ್ ಕಿಣ್ವದ ಬಹುಪಾಲು ಆ ವಂಶದ್ದೇ. 2008ರಲ್ಲಿ ಅದರ ಜೀನೋಮ್ ಓದಿದಾಗ ಒಂದು ಅಚ್ಚರಿ ಕಾದಿತ್ತು: ಸೆಲ್ಯುಲೋಸ್ ಮುರಿಯುವ ಜೀನ್‌ಗಳು ಅದರಲ್ಲಿ ಇತರ ಶಿಲೀಂಧ್ರಗಳಿಗಿಂತ ಕಡಿಮೆಯೇ ಇದ್ದವು. ಅದರ ಬಲವಿರುವುದು ಆಯುಧಗಳ ಸಂಖ್ಯೆಯಲ್ಲಲ್ಲ, ಇರುವ ಕೆಲವನ್ನು ಹೊರಗೆ ಧಾರಾಳವಾಗಿ ಸುರಿಯುವುದರಲ್ಲಿ. ಎಳೆಯಾಗಿ ಚಾಚುವ ಜೀವಿಗೆ ಈ ಪದ್ಧತಿ ಒಗ್ಗುತ್ತದೆ. ತುದಿ ಮುಂದೆ ಹೋಗುತ್ತದೆ, ಕಿಣ್ವ ಬಿಡುತ್ತದೆ, ಕರಗಿದ್ದನ್ನು ಹೀರುತ್ತದೆ, ಮತ್ತೆ ಮುಂದೆ ಹೋಗುತ್ತದೆ.

ಬ್ಯಾಕ್ಟೀರಿಯಾದ ದಾರಿ ಇದಕ್ಕೆ ಪೂರ್ತಿ ಬೇರೆ. ಇಂಗ್ಲೆಂಡಿನ ರೊಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಹಚಿನ್‌ಸನ್ ಮತ್ತು ಕ್ಲೇಟನ್ 1919ರಲ್ಲಿ ವಿವರಿಸಿದ ಸೈಟೊಫಾಗ ಎಂಬುದು ಎಳೆಯ ಮೇಲೆ ಜಾರುತ್ತ, ಮೈಗೆ ಮೈ ಅಂಟಿಸಿಕೊಂಡೇ ತಿನ್ನುತ್ತದೆ. ಮುಟ್ಟದೆ ಇದ್ದರೆ ಅದಕ್ಕೆ ಊಟವಿಲ್ಲ. ಗಾಳಿಯಿಲ್ಲದ ಕಡೆ ಬದುಕುವ ಕ್ಲಾಸ್ಟ್ರಿಡಿಯಂಗಳ ಉಪಾಯ ಇನ್ನೂ ಸೊಗಸು. ಒಂದು ಪ್ರೋಟೀನ್ ದಾರಕ್ಕೆ ಹತ್ತಾರು ಕಿಣ್ವಗಳನ್ನು ಪೋಣಿಸಿ, ಆ ಗೊಂಚಲನ್ನು ತನ್ನ ಮೈಗೂ ಸೆಲ್ಯುಲೋಸಿಗೂ ನಡುವೆ ಕಟ್ಟಿಕೊಳ್ಳುತ್ತವೆ. 1983ರಲ್ಲಿ ಬೇಯರ್, ಲಾಮೆಡ್ ಮತ್ತು ಸಂಗಡಿಗರು ಇದನ್ನು ಗುರುತಿಸಿ ಸೆಲ್ಯುಲೋಸೋಮ್ ಎಂದು ಕರೆದರು. ಕಿಣ್ವ ಎಲ್ಲಿಗೂ ತೇಲಿ ಹೋಗುವುದಿಲ್ಲ, ಬಿಡಿಸಿದ ಸಕ್ಕರೆ ಪಕ್ಕದವರ ಪಾಲಾಗುವುದಿಲ್ಲ. ಶಿಲೀಂಧ್ರ ಬೀದಿಯಲ್ಲಿ ಅನ್ನ ಬಡಿಸಿದರೆ ಬ್ಯಾಕ್ಟೀರಿಯಾ ತಟ್ಟೆಯನ್ನು ಎದೆಗವಚಿಕೊಂಡು ಉಣ್ಣುತ್ತದೆ. ಈ ಎರಡು ನಡೆಗಳ ಅಂತರವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಸಾಕ್ಷ್ಯಗಳು ಏಕೆ ಒಂದಕ್ಕೊಂದು ತಾಳೆಯಾಗಲಿಲ್ಲ ಎಂಬುದು ತಿಳಿಯುತ್ತದೆ.

ಅಳತೆಗಳದ್ದೇ ಒಂದು ಕಥೆ. ತಟ್ಟೆಯ ಮೇಲೆ ಬೆಳೆಸಿ ಎಣಿಸಿದವರಿಗೆ ಬ್ಯಾಕ್ಟೀರಿಯಾ ಕೋಟಿ ಕೋಟಿ ಕಂಡವು. ತೂಗಿದವರಿಗೆ ಶಿಲೀಂಧ್ರದ ಎಳೆಗಳೇ ಭಾರವಾದವು. 1970ರ ದಶಕದಲ್ಲಿ ಆಂಡರ್ಸನ್ ಮತ್ತು ಡೋಮ್ಷ್ ಮಣ್ಣಿಗೆ ಗ್ಲೂಕೋಸ್ ಕೊಟ್ಟು, ಒಂದು ಭಾಗಕ್ಕೆ ಬ್ಯಾಕ್ಟೀರಿಯಾ ತಡೆಯುವ ಸ್ಟ್ರೆಪ್ಟೊಮೈಸಿನ್, ಇನ್ನೊಂದಕ್ಕೆ ಶಿಲೀಂಧ್ರ ತಡೆಯುವ ಸೈಕ್ಲೊಹೆಕ್ಸಿಮೈಡ್ ಹಾಕಿ, ಉಸಿರಾಟ ಎಷ್ಟು ಕುಗ್ಗಿತು ಎಂದು ಅಳೆದರು. ಹೆಚ್ಚಿನ ಪಾಲು ಶಿಲೀಂಧ್ರದ್ದೆಂದು ಬಂತು. ಪಠ್ಯಪುಸ್ತಕಗಳು ಬಹುಕಾಲ ಇದನ್ನೇ ಹೇಳಿದವು. ಆದರೆ ಅದು ಕೆಲವೇ ಗಂಟೆಗಳ ಪರೀಕ್ಷೆ, ಅದೂ ಗ್ಲೂಕೋಸಿನ ಮೇಲೆ. ತಿಂಗಳುಗಟ್ಟಲೆ ಕೊಳೆಯುವ ಹತ್ತಿ ಕಟ್ಟಿಗೆಯ ಬಗ್ಗೆ ಅದರಿಂದ ತೀರ್ಪು ಕೊಡುವುದು ಹೇಗೆ? ಈಚೆಗೆ ಭಾರದ ಇಂಗಾಲ ಸೇರಿಸಿ ತಯಾರಿಸಿದ ಸೆಲ್ಯುಲೋಸನ್ನು ಮಣ್ಣಿಗಿಟ್ಟು, ಆ ಇಂಗಾಲ ಯಾರ ಡಿಎನ್‌ಎ ಸೇರಿತು ಎಂದು ಹುಡುಕುತ್ತಾರೆ. ಹೀಗೆ ಹುಡುಕಿದಾಗ ಎರಡೂ ಬಣದವರು ಸಿಕ್ಕಿಬೀಳುತ್ತಾರೆ. ಒಂದೇ ಹೊಲದ ಮಣ್ಣಿಗೆ ಗಾಳಿ ಇದ್ದಾಗ ಒಂದು ಪಟ್ಟಿ, ಗಾಳಿ ತಪ್ಪಿಸಿದಾಗ ಕ್ಲಾಸ್ಟ್ರಿಡಿಯಂ ಬಳಗದ ಇನ್ನೊಂದು ಪಟ್ಟಿ. ಇಲ್ಲೂ ಒಂದು ತೊಡಕಿದೆ. ಶಿಲೀಂಧ್ರ ಮುರಿದ ಸಕ್ಕರೆಯನ್ನು ಕದ್ದು ತಿಂದ ಬ್ಯಾಕ್ಟೀರಿಯಾ, ಸತ್ತ ಶಿಲೀಂಧ್ರವನ್ನೇ ತಿಂದ ಬ್ಯಾಕ್ಟೀರಿಯಾ, ಇವೂ ಲೆಕ್ಕದಲ್ಲಿ ಸೆಲ್ಯುಲೋಸ್ ತಿಂದವರಾಗಿಯೇ ಕಾಣುತ್ತವೆ. ಯಾವ ವಿಧಾನವೂ ಸುಳ್ಳು ಹೇಳುತ್ತಿಲ್ಲ; ಒಂದೊಂದೂ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತಿದೆ.

ಈಗ ಎರೆ, ಅಂದರೆ ಕರಿ ಮಣ್ಣಿನ, ಹೊಲಕ್ಕೆ ಬರೋಣ. ಕರ್ನಾಟಕದ ಈಶಾನ್ಯ ಒಣ ವಲಯಕ್ಕೆ ಸೇರಿದ ಈ ಸೀಮೆಯಲ್ಲಿ ಮಳೆ ವರ್ಷಕ್ಕೆ ಸುಮಾರು 630ರಿಂದ 800 ಮಿಲಿಮೀಟರ್, ಅದೂ ಬಹುಪಾಲು ಜೂನ್‌ನಿಂದ ಅಕ್ಟೋಬರ್‌ವರೆಗೆ. ತೊಗರಿ ಕಟಾವಾಗುವ ಹೊತ್ತಿಗೆ ಮೇಲ್ಮಣ್ಣಿನ ಹಸಿ ಆರಿರುತ್ತದೆ. ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಬ್ಯಾಕ್ಟೀರಿಯಾ ನೀರಿನ ಪೊರೆಯಲ್ಲೇ ಈಜಬೇಕು. ಮಣ್ಣು ಒಣಗಿ ಪೊರೆ ತೆಳುವಾದಂತೆ ಅದು ತಾನಿದ್ದಲ್ಲೇ ಸೆರೆಯಾಗುತ್ತದೆ. ಬೆಳೆ ಬಾಡುವ ಮಟ್ಟಕ್ಕೆ ಮಣ್ಣು ಒಣಗುವಷ್ಟರಲ್ಲಿ ಹೆಚ್ಚಿನವು ಕೆಲಸ ನಿಲ್ಲಿಸಿರುತ್ತವೆ. ಆಸ್ಪರ್ಜಿಲಸ್, ಪೆನಿಸಿಲಿಯಂ ಜಾತಿಯ ಶಿಲೀಂಧ್ರಗಳು ಮಣ್ಣು ನೀರನ್ನು ಅದರ ಹತ್ತು ಪಟ್ಟು ಬಿಗಿಯಾಗಿ ಹಿಡಿದಾಗಲೂ ಅಷ್ಟಿಷ್ಟು ಉಸಿರಾಡಬಲ್ಲವು. ಎಳೆಗಳು ಗಾಳಿಯ ಸಂದುಗಳನ್ನು ಸೇತುವೆಯಂತೆ ದಾಟುತ್ತವೆ, ಕೆಳಗಿನ ಹಸಿಯನ್ನು ಮೇಲಿನ ಕೂಳೆಗೆ ಎಳೆದು ತರುತ್ತವೆ. ಹಾಗಾಗಿ ಮಣ್ಣಿನ ಮೇಲೆ ಬಿದ್ದ ಕೂಳೆಯಲ್ಲಿ ಶಿಲೀಂಧ್ರದ್ದೇ ಮೇಲುಗೈ. ಅದಕ್ಕೂ ಬೇಸಗೆಯಲ್ಲಿ ಕೈ ಕಟ್ಟುತ್ತದೆ. ಆಗ ಕೆಲಸ ನಡೆಯುವುದು ಹುತ್ತದೊಳಗೆ. ದಖ್ಖನಿನ ಹುತ್ತ ಕಟ್ಟುವ ಓಡಂಟೊಟರ್ಮಿಸ್ ಗೆದ್ದಲು ಕಟ್ಟಿಗೆ, ಎಲೆಗಳನ್ನು ಜಗಿದು ಒಯ್ದು, ನೆಲದಡಿಯ ಹಸಿ ಕೋಣೆಯಲ್ಲಿ ಟರ್ಮಿಟೊಮೈಸಿಸ್ ಎಂಬ ಅಣಬೆಯ ತೋಟ ಮಾಡುತ್ತದೆ. ಮಳೆಗಾಲದಲ್ಲಿ ಹುತ್ತದ ಬುಡದಲ್ಲಿ ಎದ್ದು ಅಡಿಗೆಮನೆ ಸೇರುವ ಅಣಬೆ ಅದೇ. ಹೊಲವೆಲ್ಲ ಸುಡುತ್ತಿರುವಾಗ ತನಗೆ ಬೇಕಾದ ತೇವವನ್ನು ಕಾಪಿಡಲು ಒಂದು ಶಿಲೀಂಧ್ರ ಕೀಟದಿಂದ ಮನೆ ಕಟ್ಟಿಸಿಕೊಂಡಿದೆ ಎನ್ನಬಹುದು. ಗೆದ್ದಲನ್ನು ಬರೀ ಶತ್ರುವೆಂದು ನೋಡುವ ನಮ್ಮ ಕೃಷಿ ಸಲಹೆಗಳು ಈ ಪಾಲನ್ನು ಎಂದೂ ಲೆಕ್ಕಕ್ಕೆ ಹಿಡಿದಿಲ್ಲ ಎಂಬುದು ನನಗೆ ನಿಜಕ್ಕೂ ಕೊರತೆಯಾಗಿ ಕಾಣುತ್ತದೆ.

ಇಲ್ಲಿ ಒಂದು ಗಟ್ಟಿ ಆಕ್ಷೇಪವಿದೆ. ಎರೆ ಮಣ್ಣು ಕ್ಷಾರದ ಮಣ್ಣು, ಅದರ ಪಿಎಚ್ ಸಾಮಾನ್ಯವಾಗಿ 8ರ ಮೇಲೆ. ರೊಥಾಮ್‌ಸ್ಟೆಡ್‌ನ ಹೂಸ್‌ಫೀಲ್ಡ್ ಹೊಲದಲ್ಲಿ ಪಿಎಚ್ ಒಂದು ತುದಿಯಿಂದ ಇನ್ನೊಂದಕ್ಕೆ 4ರಿಂದ 8.3ರವರೆಗೆ ಏರುತ್ತ ಹೋಗುತ್ತದೆ. ಉಳಿದೆಲ್ಲ ಹೆಚ್ಚುಕಡಿಮೆ ಒಂದೇ. 2009ರಲ್ಲಿ ರೌಸ್ಕ್, ಬ್ರೂಕ್ಸ್, ಬೋತ್ ಅಲ್ಲಿ ಅಳೆದಾಗ, ಹುಳಿ ತುದಿಯಿಂದ ಕ್ಷಾರದ ತುದಿಗೆ ಬರುವಷ್ಟರಲ್ಲಿ ಬ್ಯಾಕ್ಟೀರಿಯಾದ ಬೆಳವಣಿಗೆ ಸುಮಾರು ಐದು ಪಟ್ಟು ಹೆಚ್ಚಿ, ಶಿಲೀಂಧ್ರದ್ದು ಸುಮಾರು ಐದು ಪಟ್ಟು ಇಳಿದಿತ್ತು. ಹಾಗಾದರೆ ಎರೆ ಬ್ಯಾಕ್ಟೀರಿಯಾದ ರಾಜ್ಯವಲ್ಲವೆ? ಅರ್ಧ ಹೌದು. ಅದಕ್ಕೆ ಇನ್ನೊಂದು ಕಾರಣವನ್ನೂ ಸೇರಿಸಬಹುದು: ಎರೆಯ ಜೇಡಿ ಹೊರಗೆ ಬಿಟ್ಟ ಕಿಣ್ವಗಳನ್ನು ಹಿಡಿದು ಅಂಟಿಸಿಕೊಂಡು ಮಂಕಾಗಿಸುತ್ತದೆ. ಬೀದಿಯಲ್ಲಿ ಬಡಿಸುವ ಶಿಲೀಂಧ್ರಕ್ಕೆ ಇದು ನಷ್ಟ, ತಟ್ಟೆ ಅವಚಿಕೊಂಡ ಬ್ಯಾಕ್ಟೀರಿಯಾಕ್ಕೆ ಲಾಭ ಎಂದು ಊಹಿಸುವುದು ನ್ಯಾಯ. ಮಳೆ ಹಿಡಿದು ಎರೆ ಉಬ್ಬಿ ಮುಚ್ಚಿಕೊಂಡಾಗ ಒಳಗೆ ಗಾಳಿಯೂ ಸಿಕ್ಕುವುದಿಲ್ಲ. ಆದರೆ ಹೂಸ್‌ಫೀಲ್ಡಿನ ಅಳತೆ ಇಡೀ ಮಣ್ಣಿನದು, ಕೂಳೆಯ ತುಂಡಿನದಲ್ಲ. ಕೂಳೆ ಮಣ್ಣೊಳಗೆ ಇದ್ದರೂ ಅದರದೇ ಒಂದು ದ್ವೀಪ. ಕೊಳೆಯುವಾಗ ಹೊರಡುವ ಹುಳಿಗಳಿಂದ ಅದರ ಒಡಲಿನ ಪಿಎಚ್ ಸುತ್ತಲಿನ ಮಣ್ಣಿಗಿಂತ ಇಳಿಯಬಲ್ಲದು, ಜೇಡಿಯ ಹಿಡಿತವೂ ಒಳಗೆ ತಲುಪುವುದಿಲ್ಲ. ಮೇಲಾಗಿ ಹತ್ತಿ, ತೊಗರಿಯ ಕಟ್ಟಿಗೆಯಲ್ಲಿ ಸೆಲ್ಯುಲೋಸನ್ನು ಲಿಗ್ನಿನ್ ಎಂಬ ಗಟ್ಟಿ ವಸ್ತು ಬಿಗಿಯಾಗಿ ಸುತ್ತಿದೆ. ಆ ಬೇಲಿ ಕೀಳುವುದರಲ್ಲಿ ಶಿಲೀಂಧ್ರಗಳಿಗೆ ಸರಿಸಾಟಿ ಇಲ್ಲ. ಸ್ಟ್ರೆಪ್ಟೊಮೈಸಿಸ್‌ನಂಥ ಕೆಲವು ಬ್ಯಾಕ್ಟೀರಿಯಾ ಮಾತ್ರ ಅಲ್ಪಸ್ವಲ್ಪ ಕೈ ಹಾಕುತ್ತವೆ. ಹೀಗಾಗಿ ಎರೆಯಲ್ಲಿ ದೊಡ್ಡ ತುಂಡನ್ನು ಒಡೆಯುವುದು ಶಿಲೀಂಧ್ರ, ಒಡೆದು ಪುಡಿಯಾಗಿ ಜೇಡಿಗೆ ಬೆರೆತದ್ದನ್ನು ಮುಗಿಸುವುದು ಬ್ಯಾಕ್ಟೀರಿಯಾ ಎಂಬ ಓದು ಎರಡೂ ಬಗೆಯ ಸಾಕ್ಷ್ಯಕ್ಕೆ ಹೊಂದುತ್ತದೆ.

ಕಾಲುವೆಯ ಗದ್ದೆಯಲ್ಲಿ ಚಿತ್ರ ತಿರುಗುತ್ತದೆ. ನೀರು ನಿಲ್ಲಿಸಿ ಕೆಸರು ಮಾಡಿದ ಒಂದೆರಡು ದಿನಗಳಲ್ಲೇ ಮಣ್ಣಿನ ಆಮ್ಲಜನಕ ಬರಿದಾಗುತ್ತದೆ, ಶಿಲೀಂಧ್ರದ ಉಸಿರು ಕಟ್ಟುತ್ತದೆ. ಈ ಸ್ಥಿತಿಯನ್ನು ಮೊದಲಿಗೆ ವಿವರವಾಗಿ ಅಭ್ಯಾಸ ಮಾಡಿದವರಲ್ಲಿ ಸಿ.ಎನ್. ಆಚಾರ್ಯ ಒಬ್ಬರು, ಗಾಳಿಯಿಲ್ಲದೆ ಭತ್ತದ ಹುಲ್ಲು ಕೊಳೆಯುವ ಬಗೆ ಕುರಿತ ಅವರ ಲೇಖನಗಳು 1935ರಲ್ಲಿ ಬಯೋಕೆಮಿಕಲ್ ಜರ್ನಲ್‌ನಲ್ಲಿ ಬಂದವು. ಹುಲ್ಲು ಮೊದಲು ಸಾವಯವ ಹುಳಿಗಳಾಗಿ, ಆ ಹುಳಿಗಳು ಮೀಥೇನ್ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಬಿಡುವ ಕ್ರಮ ಅದು. ಹುಳಿ ಹೆಚ್ಚಾದರೆ ಎಳೆಯ ಸಸಿಯ ಬೇರಿಗೆ ಪೆಟ್ಟು. ಮೀಥೇನ್ ಆದರೆ ಇಂಗಾಲವೂ ಹೋಯಿತು, ಬಿಸಿಯೇರುತ್ತಿರುವ ಲೋಕಕ್ಕೆ ಹೊರೆಯೂ ಆಯಿತು. ನಾಟಿಗೆ ತುಸು ಮುಂಚೆ ಹುಲ್ಲನ್ನು ಕೆಸರಿಗೆ ತುಳಿದರೆ ಮೀಥೇನ್ ಹೆಚ್ಚುತ್ತದೆ. ಅದೇ ಹುಲ್ಲನ್ನು ತಿಂಗಳಿಗೂ ಮೊದಲೇ, ಇನ್ನೂ ಗಾಳಿಯಾಡುವ ಹಸಿ ಮಣ್ಣಿಗೆ ಸೇರಿಸಿದರೆ ಶಿಲೀಂಧ್ರ ಮತ್ತು ಗಾಳಿಪ್ರಿಯ ಬ್ಯಾಕ್ಟೀರಿಯಾ ಮುಂಚಿತವಾಗಿ ತಿಂದು ಮುಗಿಸಿ, ಮೀಥೇನ್ ಎದ್ದು ಕಾಣುವಷ್ಟು ಇಳಿಯುತ್ತದೆ. ಹುಲ್ಲು ಅದೇ, ಗದ್ದೆ ಅದೇ; ಕೆಲವೇ ವಾರಗಳ ಅಂತರ ಕೆಲಸವನ್ನು ಒಂದು ಬಣದಿಂದ ಇನ್ನೊಂದಕ್ಕೆ ವರ್ಗಾಯಿಸಿತು.

ಇದೇ ಆಚಾರ್ಯರ ಹೆಸರಿನೊಡನೆ 1939ರ ಹೊತ್ತಿನ ಬೆಂಗಳೂರು ಕಾಂಪೋಸ್ಟ್ ಪದ್ಧತಿ ಬೆಸೆದಿದೆ. ಊರ ಕಸ ಮತ್ತು ಮಲವನ್ನು ಗುಂಡಿಯಲ್ಲಿ ಪದರ ಪದರವಾಗಿ ಹಾಕಿ, ಮೇಲೆ ಮಣ್ಣು ಮೆತ್ತಿ ಮುಚ್ಚುವುದು. ಮೊದಲ ಎಂಟು ಹತ್ತು ದಿನ ಉಳಿದ ಗಾಳಿಯಲ್ಲಿ ಬಿಸಿಯೇರಿ, ಆಮೇಲೆ ಆರೆಂಟು ತಿಂಗಳು ಗಾಳಿಯಿಲ್ಲದೆ ನಿಧಾನಕ್ಕೆ ಮಾಗುವುದು. ತಿರುವುವ ಕೂಲಿಯಿಲ್ಲ, ಸಾರಜನಕದ ನಷ್ಟ ಕಡಿಮೆ, ಹೊತ್ತು ಮಾತ್ರ ಜಾಸ್ತಿ. ಅದಕ್ಕೆ ಮುಂಚೆ ಆಲ್ಬರ್ಟ್ ಹೊವಾರ್ಡ್ ಮತ್ತು ಯಶವಂತ ವಾಡ್ ರೂಪಿಸಿ 1931ರಲ್ಲಿ ಪ್ರಕಟಿಸಿದ ಇಂದೋರ್ ಪದ್ಧತಿ ಇದಕ್ಕೆ ವಿರುದ್ಧ: ತಿರುವಿ ತಿರುವಿ ಗಾಳಿ ಕೊಡುವುದು, ಮೂರು ತಿಂಗಳಲ್ಲಿ ಮುಗಿಸುವುದು. ಹೊವಾರ್ಡ್ ಕಂಡ ಕ್ರಮದಲ್ಲಿ ಮೊದಲು ಶಿಲೀಂಧ್ರ ರಾಶಿಯನ್ನು ಬಿಳಿಯಾಗಿ ಹೊದೆಯುತ್ತದೆ, ಆಮೇಲೆ ಬ್ಯಾಕ್ಟೀರಿಯಾ ವಹಿಸಿಕೊಳ್ಳುತ್ತದೆ. ನಮ್ಮ ಸೀಮೆಗೆ ಮುಖ್ಯವಾದ ಸಂಗತಿ ಇನ್ನೊಂದಿದೆ. ಇಂದೋರಿನದೂ ಹತ್ತಿ ಬೆಳೆಯುವ ಕರಿ ಮಣ್ಣೇ, ಅಲ್ಲಿಯೂ ತಲೆನೋವಾದದ್ದು ಹತ್ತಿ ಕಟ್ಟಿಗೆಯೇ. ಅವರು ಕಟ್ಟಿಗೆಯನ್ನು ತೋಟದ ದಾರಿಯ ಮೇಲೆ ಹಾಸಿ, ಗಾಡಿಯ ಗಾಲಿ, ಎತ್ತಿನ ಗೊರಸಿನಡಿ ನುರಿಸಿ, ಆಮೇಲೆ ರಾಶಿಗೆ ಹಾಕಿದರು. ಯಾವ ಕಲ್ಚರನ್ನೂ ಕೊಂಡು ತರಲಿಲ್ಲ. ಸಗಣಿ, ಗಂಜಲದ ಮಣ್ಣು, ಬೂದಿ, ನೀರು ಸಾಕಾದವು. ಇಂದೋರ್, ಬೆಂಗಳೂರು ಎರಡರಲ್ಲೂ ಗೊಬ್ಬರ ಆಗುತ್ತದೆ, ದುಡಿಯುವ ಜೀವಿಗಳು ಬೇರೆ. ಶಿಲೀಂಧ್ರವೋ ಬ್ಯಾಕ್ಟೀರಿಯಾವೋ ಎಂಬ ಪ್ರಶ್ನೆಯನ್ನು ಮನುಷ್ಯ ತನ್ನ ಸಲಿಕೆಯಿಂದಲೇ ತೀರ್ಮಾನಿಸಬಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ತಿಳಿದಿಲ್ಲ.

ಸಾರಜನಕದ ಲೆಕ್ಕವನ್ನು ಬಿಡುವಂತಿಲ್ಲ. ನೂರು ಕಿಲೊ ಭತ್ತದ ಹುಲ್ಲಿನಲ್ಲಿ ಇಂಗಾಲ ಸುಮಾರು 40 ಕಿಲೊ, ಸಾರಜನಕ ಅರ್ಧ ಕಿಲೊದ ಆಸುಪಾಸು. ತಿಂದವರು ಆ ಇಂಗಾಲದಲ್ಲಿ 15 ಕಿಲೊವನ್ನು ಮೈ ಮಾಡಿಕೊಂಡರು, ಉಳಿದದ್ದನ್ನು ಉಸಿರಾಗಿ ಬಿಟ್ಟರು ಎನ್ನೋಣ. ಶಿಲೀಂಧ್ರದ ಮೈಯಲ್ಲಿ ಹತ್ತು ಪಾಲು ಇಂಗಾಲಕ್ಕೆ ಒಂದು ಪಾಲು ಸಾರಜನಕ ಎಂದರೆ ಒಂದೂವರೆ ಕಿಲೊ ಬೇಕು. ಬ್ಯಾಕ್ಟೀರಿಯಾಕ್ಕೆ ಐದಕ್ಕೆ ಒಂದು, ಅಂದರೆ ಮೂರು ಕಿಲೊ. ಎರಡೂ ಲೆಕ್ಕದಲ್ಲಿ ಹುಲ್ಲಿನದು ಸಾಲದು, ಕೊರತೆಯನ್ನು ಮಣ್ಣಿನಿಂದ ಎತ್ತಬೇಕು. ಕೂಳೆ ಮುಚ್ಚಿದ ಹೊಲದಲ್ಲಿ ಬಿತ್ತಿದ ಬೆಳೆ ಮೊದಲಿಗೆ ಹಳದಿ ತಿರುಗುವುದು ಇದರಿಂದಲೇ. ರೊಥಾಮ್‌ಸ್ಟೆಡ್‌ನ ಹಚಿನ್‌ಸನ್ ಮತ್ತು ರಿಚರ್ಡ್ಸ್ 1921ರಲ್ಲೇ ತೋರಿಸಿದ್ದರು: ಬರೀ ನೀರು ಹಾಕಿದರೆ ಹುಲ್ಲು ಗೊಬ್ಬರವಾಗುವುದಿಲ್ಲ, ಗಾಳಿಯ ಜೊತೆಗೆ ಸಾರಜನಕ ಕೊಟ್ಟರೆ ದನದ ನೆರವಿಲ್ಲದೆಯೂ ಕೊಟ್ಟಿಗೆ ಗೊಬ್ಬರದಂತೆ ಆಗುತ್ತದೆ. ಬಡ ಮಣ್ಣಿನಲ್ಲಿ ಶಿಲೀಂಧ್ರಕ್ಕೆ ಇಲ್ಲೂ ಒಂದು ಅನುಕೂಲವಿದೆ. ಅದಕ್ಕೆ ಬೇಕಾದದ್ದೂ ಕಡಿಮೆ, ದೂರದ ಸಾರಜನಕವನ್ನು ಎಳೆಯ ಮೂಲಕ ಕೂಳೆಗೆ ಸಾಗಿಸುವ ಶಕ್ತಿಯೂ ಇದೆ. ತೊಗರಿ ಉದುರಿಸುವ ಎಲೆ ಕಟ್ಟಿಗೆಗಿಂತ ಎಷ್ಟೋ ಬೇಗ ಕರಗುವುದಕ್ಕೆ ಕಾರಣವೂ ಅದರೊಳಗಿನ ಸಾರಜನಕವೇ.

ಬಾಟಲಿ, ಕ್ಯಾಪ್ಸೂಲುಗಳ ವಿಷಯ ಈಗ ತೂಗಬಹುದು. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಪೂಸಾ ಡಿಕಾಂಪೋಸರ್ ಶಿಲೀಂಧ್ರಗಳ ಕೂಟ. 2020ರಿಂದ ಅದು ದೇಶದೆಲ್ಲೆಡೆ ಮಾತಾಯಿತು, 20ರಿಂದ 25 ದಿನಗಳಲ್ಲಿ ಹುಲ್ಲು ಕೊಳೆಯುತ್ತದೆ ಎಂಬುದು ಅದರ ಭರವಸೆ. ಆರಿಸಿದ ಶಿಲೀಂಧ್ರಗಳು ಪ್ರಯೋಗಾಲಯದಲ್ಲೂ ತಿಪ್ಪೆಯಲ್ಲೂ ಕೆಲಸ ಬೇಗ ಮಾಡುವುದನ್ನು ಅಲ್ಲಗಳೆಯಲಾಗದು. ರಾಶಿಯಲ್ಲಿ ತೇವವಿದೆ, ಬಿಸಿಯಿದೆ, ಸಗಣಿಯಿದೆ. ಅಲ್ಲಿ ಮುಂಚಿತವಾಗಿ ಸೇರಿದವರಿಗೆ ಲಾಭ ಸಿಗುತ್ತದೆ. ಆದರೆ ಫೆಬ್ರುವರಿಯ ಒಣ ಎರೆಯ ಮೇಲೆ ಅದನ್ನೇ ಸಿಂಪಡಿಸಿದರೆ? ಆ ಮಣ್ಣಿನಲ್ಲಿ ಟ್ರೈಕೊಡರ್ಮಾ, ಆಸ್ಪರ್ಜಿಲಸ್ ಮೊದಲಿನಿಂದಲೂ ಇವೆ, ಮಳೆಗೆ ಕಾಯುತ್ತ ಬೀಜಕವಾಗಿ ಮಲಗಿವೆ. ಹೊಸಬರೂ ಅವರ ಪಕ್ಕ ಮಲಗುತ್ತಾರೆ, ಅಷ್ಟೆ. ಕಲ್ಚರಿನ ಸಂಗಡ ಕೊಡುವ ಸೂಚನೆಯಲ್ಲೇ ಹುಲ್ಲನ್ನು ಮಣ್ಣಿಗೆ ಬೆರೆಸಿ ಹಸಿ ಇಡಬೇಕು ಎಂದಿರುತ್ತದೆ. ಗುಣ ಬಂದಲ್ಲಿ ಅದರಲ್ಲಿ ಆ ಬೆರೆಸುವುದು, ಆ ನೀರು ಇವುಗಳ ಪಾಲೆಷ್ಟು, ಕಲ್ಚರಿನ ಪಾಲೆಷ್ಟು ಎಂದು ಬಿಡಿಸಿ ನೋಡದೆ ರೈತನಿಂದ ದುಡ್ಡು ಖರ್ಚು ಮಾಡಿಸುವುದು ಸರಿಯಲ್ಲ. ಕಾಲುವೆ ಸೀಮೆಯಲ್ಲಿ ಒಂದು ತೆಳು ನೀರು, ಒಂದು ಸಾಲು ರೋಟಾವೇಟರ್, ಬೆಳೆಗೆ ಹೇಗೂ ಕೊಡುವ ಯೂರಿಯಾದಲ್ಲಿ ಒಂದಿಷ್ಟನ್ನು ಮುಂಚೆಯೇ ಕೊಡುವುದು, ಇಷ್ಟನ್ನು ಮೊದಲು ಮಾಡಿ ನೋಡಬೇಕು. ಒಣಭೂಮಿಯಲ್ಲಿ ಕಟ್ಟಿಗೆ ನುರಿಸಿ ನೆಲಕ್ಕೆ ಹಾಸಿ, ಮುಂಗಾರಿಯ ಮೊದಲ ಹದಕ್ಕೆ ಬಿಡಬೇಕು. ಅಲ್ಲಿಯವರೆಗೆ ಅದು ಕೊಳೆಯದೆ ಇರುವುದು ನಷ್ಟವೂ ಅಲ್ಲ, ಬಿಸಿಲಿಗೆ ನೆರಳಾಗಿ ಬಿದ್ದಿರುತ್ತದೆ.

ರೈತರ ಕಡೆಯ ಆಕ್ಷೇಪ ಇನ್ನೂ ಭಾರವಾದದ್ದು, ಅದಕ್ಕೆ ಸುಲಭದ ಉತ್ತರವಿಲ್ಲ. ತೊಗರಿಯ ಸೊರಗು ರೋಗ ತರುವ ಫ್ಯುಸೇರಿಯಂ ಉಡಂ ತಾನೇ ಒಂದು ಶಿಲೀಂಧ್ರ, ಸೋಂಕಿದ ಬೇರು ಕಾಂಡಗಳ ಅವಶೇಷದಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಹತ್ತಿಯ ಗುಲಾಬಿ ಕಾಯಿಕೊರಕ ಕಟ್ಟಿಗೆಯಲ್ಲಿ ಉಳಿದ ಒಡೆಯದ ಕಾಯಿಗಳೊಳಗೆ ಮುಂದಿನ ಹಂಗಾಮಿಗೆ ದಾಟುತ್ತದೆ. ಹಾಗಿದ್ದರೆ ಸುಡುವುದೇ ಸರಿಯಲ್ಲವೆ? ಸೊರಗು ಬಿದ್ದ ಗಿಡಗಳನ್ನು ಬೇರು ಸಹಿತ ಕಿತ್ತು ಹೊರಗೆ ಸುಡುವುದನ್ನು ಯಾರೂ ತಪ್ಪೆನ್ನಲಾರರು. ಇಡೀ ಹೊಲಕ್ಕೆ ಬೆಂಕಿ ಇಡುವುದು ಬೇರೆ ಮಾತು: ಮೇಲಿನ ಬೆಂಕಿಯ ಬಿಸಿ ಕೆಲವೇ ಬೆರಳಿನ ಆಳಕ್ಕೆ ಇಳಿಯುತ್ತದೆ, ಫ್ಯುಸೇರಿಯಂ ಅದಕ್ಕಿಂತ ಕೆಳಗಿನ ಬೇರುಗಳಲ್ಲಿ ಕ್ಷೇಮವಾಗಿರುತ್ತದೆ. ಅದನ್ನು ಅಲ್ಲಿ ಅಟ್ಟಿ ಹಿಡಿಯುವುದು ಟ್ರೈಕೊಡರ್ಮಾ ಮತ್ತು ಸ್ಟ್ರೆಪ್ಟೊಮೈಸಿಸ್, ಅವೆರಡೂ ಸೆಲ್ಯುಲೋಸ್ ಉಂಡು ಬದುಕಬಲ್ಲವು. ಬಿತ್ತನೆ ಬೀಜಕ್ಕೆ ಟ್ರೈಕೊಡರ್ಮಾ ಲೇಪಿಸಿ, ಅದು ಉಣ್ಣಬೇಕಾದ ಕೂಳೆಯನ್ನು ಸುಟ್ಟು ಬೂದಿ ಮಾಡಿದರೆ ಒಂದು ಕೈಯಿಂದ ಕೊಟ್ಟು ಇನ್ನೊಂದರಿಂದ ಕಸಿದುಕೊಂಡಂತೆ. ಗುಲಾಬಿ ಕೊರಕಕ್ಕೆ ಬೇಕಾದದ್ದು ಕಟ್ಟಿಗೆಯನ್ನು ಬೇಗ ಕೀಳುವುದು ಮತ್ತು ಕಾಯಿ ನಜ್ಜುಗುಜ್ಜಾಗುವಂತೆ ನುರಿಸುವುದು. ಯಂತ್ರ ಬಾಡಿಗೆಗೆ ಸಿಕ್ಕರೆ ಇದು ಸಾಧ್ಯ, ಸಿಗದಿದ್ದರೆ ಕಡ್ಡಿಪೆಟ್ಟಿಗೆಯೇ ಅಗ್ಗ. ತೊಗರಿ, ಹತ್ತಿಯ ಕಟ್ಟಿಗೆ ಎಷ್ಟೋ ಮನೆಗಳ ಒಲೆಗೂ ಹೋಗುತ್ತದೆ ಎಂಬುದನ್ನು ಮರೆತು ಎಲ್ಲವನ್ನೂ ಮಣ್ಣಿಗೆ ಕೊಡಿ ಎನ್ನುವುದು ಅನ್ಯಾಯ. ಕಾಂಡ ಒಲೆಗೆ ಹೋದರೂ ಬೇರು, ಎಲೆ, ಹೊಟ್ಟು ಹೊಲದಲ್ಲಿ ಉಳಿಯಲಿ ಎಂದಷ್ಟೇ ಕೇಳಬಹುದು.

ಈ ಊಹೆಗಳನ್ನು ಪರೀಕ್ಷೆಗೆ ಒಡ್ಡಲು ದುಬಾರಿ ಉಪಕರಣ ಬೇಡ. ಹತ್ತಿಬಟ್ಟೆಯ ಪಟ್ಟಿಗಳನ್ನು ಮಣ್ಣಿನಲ್ಲಿ ಹೂತು, ದಿನಗಳ ಮೇಲೆ ಕಿತ್ತು, ಎಳೆದರೆ ಎಷ್ಟು ಭಾರಕ್ಕೆ ಹರಿಯುತ್ತದೆ ಎಂದು ಅಳೆಯುವ ಪದ್ಧತಿ ಇಂಗ್ಲೆಂಡಿನಲ್ಲಿ 1970ರ ದಶಕದಿಂದ ನಡೆದುಬಂದಿದೆ. ಹತ್ತಿ ಬೆಳೆಯುವ ಜಿಲ್ಲೆಗೆ ಇದಕ್ಕಿಂತ ಒಪ್ಪುವ ಸಾಧನ ಯಾವುದಿದೆ? ಭೀಮರಾಯನಗುಡಿಯ ಕೃಷಿ ಕಾಲೇಜು, ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ ಎರಡೂ ಹತ್ತಿರವೇ ಇವೆ. ಒಂದೇ ಥಾನಿನಿಂದ ಕತ್ತರಿಸಿದ ಬಿಳಿ ಪಟ್ಟಿಗಳನ್ನು ಮುದನಾಳದ ಕಡೆಯ ಎರೆ, ಒಂದು ಮಸಾರಿ ಹೊಲ, ಶಹಾಪುರದ ಕೆಸರು ಗದ್ದೆ, ಈ ಮೂರರಲ್ಲೂ ಮೇಲ್ಮೈಗೆ ಒಂದು, ಗೇಣು ಆಳಕ್ಕೆ ಒಂದು ಎಂದು ಹೂಳಬೇಕು. ಜೂನ್‌ನಲ್ಲಿ ಒಮ್ಮೆ, ಸೆಪ್ಟೆಂಬರ್‌ನಲ್ಲಿ ಒಮ್ಮೆ, ಫೆಬ್ರುವರಿಯಲ್ಲಿ ಒಮ್ಮೆ. ಕಿತ್ತಾಗ ಬಟ್ಟೆಯೇ ಅರ್ಧ ಕಥೆ ಹೇಳುತ್ತದೆ. ಹಸಿರು ಪುಡಿ ಹತ್ತಿದ್ದರೆ ಟ್ರೈಕೊಡರ್ಮಾ ಇರಬಹುದು, ಹಳದಿ ಲೋಳೆಯ ಮಚ್ಚೆಗಳಿದ್ದರೆ ಸೈಟೊಫಾಗ ಬಳಗ, ಕಪ್ಪಾಗಿ ನಾರುತ್ತಿದ್ದರೆ ಗಾಳಿಯಿಲ್ಲದವರ ಕೆಲಸ. ಫೆಬ್ರುವರಿಯ ಎರೆಯಿಂದ ಕಿತ್ತ ಪಟ್ಟಿ ಹೂತಾಗಿನಷ್ಟೇ ಗಟ್ಟಿಯಾಗಿ, ಮಣ್ಣು ಕೊಡವಿದರೆ ಹೆಚ್ಚುಕಡಿಮೆ ಬೆಳ್ಳಗೇ ಹೊರಬಂದರೆ, ಗೆದ್ದಲು ಕಂಡ ಮೂಲೆಯೊಂದನ್ನು ಬಿಟ್ಟು, ಆಶ್ಚರ್ಯಪಡುವಂಥದ್ದೇನೂ ಇರುವುದಿಲ್ಲ.